ಕೆಂಚನನ್ನು ಹಳ್ಳಕ್ಕೆ ಬಿಡಲ್ಲ, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಅಂದೆಯಲ್ಲ, "ಅಪ್ಪ, ನಿಂಗೆ ಕಷ್ಟ ಆದ್ರೆ ಕೆಂಚನ್ನ ಹಳ್ಳಕ್ಕೆ ಬಿಟ್ಬಿಡು, ಪಾಪ ಅದೂ ಆರಾಮಾಗಿರುತ್ತೆ" ಅಂತ. ಮಳೆ ಸದ್ದಿನಲ್ಲಿ ಅರ್ಧಂಬರ್ಧ ಕೇಳಿಸಿ ಹೂಂ ಅಂದುಬಿಟ್ಟೆ. ಆಮೇಲೆ ಯೋಚನೆ ಮಾಡಿದೆ. ನೀನು ಅಂಗಡಿಯಿಂದ ತಂದ ಈ ಕ್ರೇಫಿಶ್ಶನ್ನು, ಏಡಿ-ಸಿಗಡಿ ಬಳಗದ ಈ ಸಿಹಿನೀರಿನ ಪ್ರಾಣಿಯನ್ನು, ಹಳ್ಳಕ್ಕೆ ಬಿಡಲ್ಲ. ಯಾಕೆ ಅಂತ ಬರೆದೇ ಹೇಳ್ತೀನಿ, ಫೋನಾದರೆ ನಡುವೆ ಬಾಯಿ ಹಾಕ್ತೀಯ.

ಕಷ್ಟ ಆಗಿಲ್ಲ ಅಂತ ಸುಳ್ಳು ಹೇಳಲ್ಲ. ಮಳೆಗೆ ಮುಂಚೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿದ ದಿನವೇ ಕೆಂಚನ ಕಥೆ ಮುಗೀಬೇಕಿತ್ತು. ಸಂಜೆ ತೊಟ್ಟಿಯ ನೀರು ಬದಲಿಸೋಣ ಅಂತ ಹಿತ್ತಲಲ್ಲಿ ಕೈಗೆ ಸಿಕ್ಕಿದ ಬಕೆಟ್ ತುಂಬಿಸಿ ತಂದೆ. ಸುರಿಯೋಕೆ ಬಗ್ಗಿಸಿದಾಗ ತಳದ ಅಂಚಿನಲ್ಲಿ ಉಗುರಗಲದ ನೀಲಿ ಗೆರೆ ಕಾಣಿಸ್ತು. ಮೈಲುತುತ್ತು ಕರಗಿಸಿದ ಬಕೆಟ್ಟು! 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅಂತ ವರ್ಷಾ ವರ್ಷ ಲೆಕ್ಕ ಹಾಕೋ ನನಗೆ ಅದು ತಾಮ್ರ ಅಂತ ಗೊತ್ತಿಲ್ಲದ್ದೇನಲ್ಲ. ಕೊಳೆರೋಗದ ಬೂಸ್ಟನ್ನು ಕೊಲ್ಲೋ ಆ ತಾಮ್ರವೇ ಏಡಿ, ಸಿಗಡಿ, ಕ್ರೇಫಿಶ್ ಜಾತಿಗೂ ವಿಷ. ತಮಾಷೆ ಏನಂದ್ರೆ ಅದರ ರಕ್ತದಲ್ಲೇ ತಾಮ್ರ ಇದೆ, ನಮಗೆ ಕಬ್ಬಿಣ ಇದ್ದ ಹಾಗೆ. ಆ ನೀರಿನ ಒಂದು ಹನಿಯೂ ತೊಟ್ಟಿಗೆ ಬೀಳದ ಹಾಗೆ ಆಚೆ ಚೆಲ್ಲಿ ಬಂದೆ. ಈಗ ಕೆಂಚನಿಗೇ ಅಂತ ಬೇರೆ ಬಕೆಟ್ ಇದೆ, ಹಳದಿ ಬಣ್ಣದ್ದು, ಮುಟ್ಟಿದವರಿಗೆ ಬೈಗುಳ. ಅಜ್ಜಿಯ ತಾಮ್ರದ ಹಂಡೆ ನೀರಿಗೂ ನಿಷೇಧ. "ಮನುಷ್ಯರಿಗೆ ಒಳ್ಳೇದು, ಹುಳಕ್ಕೆ ಆಗಲ್ವಾ" ಅಂತ ಅವಳು ಇನ್ನೂ ಗೊಣಗ್ತಾಳೆ.

ಆಮೇಲೆ ಕರೆಂಟು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಇರಲಿಲ್ಲ, ಏರ್ ಪಂಪ್ ನಿಂತಿತು. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಕೆಂಚ ಗಾಳಿ ಪೈಪು ಹಿಡಿದು ಮೇಲೆ ಹತ್ತಿ, ಮೈ ಒಂದು ಪಕ್ಕಕ್ಕೆ ವಾಲಿಸಿ ನೀರಿನ ಅಂಚಿಗೆ ಅಂಟಿಕೊಂಡಿತ್ತು. ಉಸಿರು ಸಾಲದಾಗಿತ್ತು. ನೀನು ಹೇಳಿಕೊಟ್ಟಿದ್ದು ನೆನಪಾಗಿ ನೀರನ್ನು ನಾಲ್ಕು ಬೆರಳಷ್ಟಕ್ಕೆ ಇಳಿಸಿದೆ, ಚೊಂಬಿನಲ್ಲಿ ಎತ್ತಿ ಎತ್ತಿ ಹೊಯ್ದೆ. ಬೆಳಗಿನ ಹೊತ್ತಿಗೆ ಹೆಂಚಿನ ಚೂರಿನ ಕೆಳಗೆ ಹೋಗಿ ಮೀಸೆ ಆಡಿಸ್ತಿತ್ತು. ಮುಚ್ಚಳದ ಮೇಲೆ ರುಬ್ಬೋ ಕಲ್ಲಿನ ಗುಂಡು ಇಟ್ಟಿದ್ದೀನಿ. ಪೈಪು ಹತ್ತೋಕೆ ಕಲಿತದ್ದು ಆಚೆ ಇಳಿಯೋಕೂ ಕಲಿತೀತು.

ಈಗ ಮುಖ್ಯ ವಿಷಯ. ಹದಿನೈದು ದಿನದ ಹಿಂದೆ ಊಟ ಬಿಟ್ಟಿತ್ತು. ಬೇಯಿಸಿದ ಬಟಾಣಿ ಹಾಕಿದರೆ ಹಾಗೇ ಕೂತಿರೋದು, ಮಾರನೇ ದಿನ ನಾನೇ ತೆಗೀತಿದ್ದೆ, ಬಿಟ್ಟರೆ ನೀರು ಕೆಡುತ್ತಲ್ಲ. ನಾಲ್ಕನೇ ರಾತ್ರಿ ಪೊರೆ ಬಿಟ್ಟಿತು. ಬೆನ್ನಿನ ಚಿಪ್ಪೂ ಬಾಲವೂ ಸೇರೋ ಕಡೆ ಬಿರುಕು ಬಿಟ್ಟು, ಅಲ್ಲಿಂದ ಹಿಂದಕ್ಕೆ ನುಸುಳಿ ಬಂದಿದೆ. ಬಿಟ್ಟ ಪೊರೆಯಲ್ಲಿ ಕಣ್ಣಿನ ಮುಸುಕು, ಮೀಸೆಯ ತುದಿ ಕೂಡ ಹಾಗೇ ಇದೆ. ಕೆಂಚ ಸತ್ತಿದೆ ಅಂತ ಅಜ್ಜಿ ಮೊರ ತಂದಳು, ತಡೆದೆ. ತೆಗೀಬಾರದು, ಅದನ್ನೇ ತಿಂದು ಸುಣ್ಣ ವಾಪಸ್ ತಗೊಳ್ಳುತ್ತೆ. ಹೊಟ್ಟೆಯೊಳಗೆ ಎರಡು ಬಿಳಿ ಕಲ್ಲಿನ ಹಾಗೆ ಒಂದಿಷ್ಟು ಕೂಡಿಟ್ಟುಕೊಂಡಿರುತ್ತೆ, ಆದರೂ ನಮ್ಮ ಮಳೆನೀರು, ಒರತೆ ನೀರು ತೀರ ಮೆದು, ಸುಣ್ಣದ ಅಂಶ ಕಮ್ಮಿ. ಮೊಟ್ಟೆ ಓಡು ಬೇಯಿಸಿ ಪುಡಿ ಮಾಡಿ ಹಾಕಿದ್ದೀನಿ.

ಪೊರೆ ಅಂಗಾತ ಬಿದ್ದಿತ್ತಲ್ಲ, ಗಾಜಿಗೆ ಮೂಗು ಒತ್ತಿ ನೋಡಿದೆ. ಗಂಡಿಗೆ ನಡಿಗೆ ಕಾಲುಗಳ ಹಿಂದೆ, ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿದ ಗಟ್ಟಿ ಕಡ್ಡಿಗಳಿರಬೇಕು. ಇಲ್ಲ. ನಿನ್ನ ಕೆಂಚ ಹೆಣ್ಣು ಕಣೇ.

ಅದಕ್ಕೇ ಹಳ್ಳದ ಮಾತು ನನಗೆ ನಿದ್ದೆ ಕೆಡಿಸಿದ್ದು. ನೀನು ಅಂಗಡಿಯಿಂದ ತಂದಾಗ ಒಂದೇ ತೊಟ್ಟಿಯಲ್ಲಿ ಹತ್ತಾರು ಇದ್ದವು ಅಂದಿದ್ದೆ. ಗಂಡಿನ ಜೊತೆ ಸೇರಿದ ಹೆಣ್ಣು ತಿಂಗಳುಗಳ ಮೇಲೂ ಮೊಟ್ಟೆ ಇಡಬಹುದು, ಒಂದು ಸಲಕ್ಕೆ ನೂರಾರು. ತಂದ ಹೊಸದರಲ್ಲೇ ಬಿಟ್ಟಿದ್ದರೆ? ನಮ್ಮ ಹಳ್ಳ ಹೇಮಾವತಿಗೆ, ಅಲ್ಲಿಂದ ಗೊರೂರು ಡ್ಯಾಮಿಗೆ, ಮುಂದೆ ಕಾವೇರಿಗೆ. ಇಂಡಿಯಾದ್ದೇ ಆದ ಕ್ರೇಫಿಶ್ ಜಾತಿ ಒಂದೂ ಇಲ್ಲ. ಕೆಂಚನ ಜಾತಿ ಅಮೆರಿಕದ ಲೂಸಿಯಾನ ಕಡೆಯದು. ಜಪಾನಿಗೆ 1927ರಲ್ಲಿ ಕಪ್ಪೆ ಮೇವಿಗೆ ಅಂತ ತಂದರು, ಸ್ಪೇನಿಗೆ 1973ರಲ್ಲಿ ಸಾಕಣೆಗೆ ಅಂತ. ಎರಡು ಕಡೆಯೂ ಕೈ ಮೀರಿ ಹೋಯ್ತು. ಕೆಸರಿನಲ್ಲಿ ಬಿಲ ತೋಡೋದು ಅದರ ಹುಟ್ಟುಗುಣ, ಗದ್ದೆ ಬದುವನ್ನೂ ಬಿಡಲ್ಲ. ಕೆಳಗಿನ ಗದ್ದೆಯವರ ಬದು ಒಡೆದು ನೀರು ಹೋದರೆ ಬೈಸಿಕೊಳ್ಳೋನು ನಾನು.

ನೀನು ಏನು ಹೇಳ್ತೀಯ ಅಂತಲೂ ಗೊತ್ತು: "ಕಾಫಿನೂ ಹೊರಗಿಂದ ಬಂದಿದ್ದೇ, ಸಿಲ್ವರ್ ಓಕೂ ಆಸ್ಟ್ರೇಲಿಯಾದ್ದೇ." ಹೌದಮ್ಮ. ಆದರೆ ಲಂಟಾನವೂ ಅಂದದ ಹೂವು ಅಂತಲೇ ಬಂದದ್ದು. ಅದನ್ನು ಕಡಿಸೋಕೆ ಪ್ರತಿ ವರ್ಷ ಎಷ್ಟು ಆಳು ಕೂಲಿ ಕೊಡ್ತೀನಿ ಅಂತ ಪುಸ್ತಕ ತೆಗೆದು ನೋಡು.

ಅಜ್ಜಿಗೆ ಇದೆಲ್ಲ ಹೇಳಿದರೆ, "ಹಾಗಾದ್ರೆ ಮಳೆಗಾಲದ ಏಡಿ ಸಾರಿನ ಜೊತೆಗೆ ಹಾಕೋದು ತಾನೇ" ಅಂತಾಳೆ. ಹೆದರಬೇಡ, ಬಾಯಲ್ಲಿ ಅಷ್ಟೇ. ಪೊರೆ ಬಿಟ್ಟ ವಾರ ಮೈ ಮೆತ್ತಗಿದ್ದಾಗ ತೊಟ್ಟಿ ಮೇಲೆ ತನ್ನ ಹಳೇ ಸೀರೆ ಹೊದಿಸಿ, ಬಾಣಂತಿಗೆ ಬೆಳಕು ಆಗಲ್ಲ ಅಂದವಳು ಅವಳೇ.

ದೀಪಾವಳಿಗೆ ಬರುವಾಗ ಬ್ಯಾಟರಿದು ಒಂದು ಏರ್ ಪಂಪ್ ತಾ, ಮೂಡಿಗೆರೆಯಲ್ಲಿ ಕೇಳಿದೆ, ಸಿಗಲಿಲ್ಲ. ಜೋಡಿ ಮಾಡೋಣ ಅಂತ ಇನ್ನೊಂದನ್ನು ತರಬೇಡ, ಒಂದನ್ನೊಂದು ಹರಿದು ಹಾಕ್ತವೆ. ಮತ್ತೆ, ಅಜ್ಜಿ ಆಗಲೇ ಕೆಂಚಿ ಅಂತ ಕರೆಯೋಕೆ ಶುರು ಮಾಡಿದ್ದಾಳೆ. ನೀನು ಬೇರೆ ಹೆಸರು ಯೋಚಿಸಿದ್ದರೆ ಬೇಗ ಹೇಳು.

ನಿನ್ನ ಅಪ್ಪ