ಫೋಮ್ ಅಂಟಿಸಿದ ಮಾತ್ರಕ್ಕೆ ಅಕೌಸ್ಟಿಕ್ ಕೆಲಸ ಮುಗಿಯುವುದಿಲ್ಲ: ಮಡಿಕೇರಿಯಿಂದ ಒಂದು ದೂರು ಪತ್ರ

ಗೆ,
ವ್ಯವಸ್ಥಾಪಕರು,
ಸ್ಟುಡಿಯೊ ಅಕೌಸ್ಟಿಕ್ಸ್ ಕಾಮಗಾರಿ ವಿಭಾಗ

ವಿಷಯ: ಮನೆಯ ರೆಕಾರ್ಡಿಂಗ್ ಕೊಠಡಿಯ ಕೆಲಸ ಕೊಟೇಷನ್ನಿನಂತೆ ಆಗದಿರುವುದು; ಫೋಮ್ ತೆಗೆದು ಕೆಲಸವನ್ನು ಮತ್ತೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ನಮ್ಮ ಕೊಠಡಿಗೆ ಪೂರ್ಣ ಅಕೌಸ್ಟಿಕ್ ಟ್ರೀಟ್‌ಮೆಂಟ್ (ಒಳಗಿನ ಸದ್ದನ್ನು ಹದಗೊಳಿಸುವ ಕೆಲಸ) ಮಾಡಿರುವುದಾಗಿ ನೀವು ಬಿಲ್ ಕೊಟ್ಟಿದ್ದೀರಿ, ಹಣ ಪೂರ್ತಿ ಸಂದಾಯವಾಗಿದೆ. ಗೋಡೆಯ ಮೇಲೆ ಇರುವುದು ಪಿರಮಿಡ್ ಫೋಮ್ ಮಾತ್ರ. ಕೆಲಸ ಒಪ್ಪಿಸುವಾಗ ನಿಮ್ಮ ಸೂಪರ್‌ವೈಸರ್ ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಹೋಗಿದೆ ಎಂದು ತೋರಿಸಿದರು. ಹೋಗಿರುವುದು ನಿಜ. ಆದರೆ ಚಪ್ಪಾಳೆಯಲ್ಲಿ ಇರುವುದು ಬಹುಪಾಲು ಮೇಲಿನ ಆವರ್ತನಗಳೇ. ಅವನ್ನು ದಪ್ಪ ಪರದೆಯೂ ಹೀರುತ್ತದೆ. ಈ ಕೊಠಡಿ ಇರುವುದು ದುಡಿ ಬಾರಿಸುತ್ತ ನಾಲ್ವರು ಗಂಡಸರು ಒಟ್ಟಿಗೆ ಹಾಡುವ ಕೊಡವ ಹಾಡುಗಳ ಧ್ವನಿಮುದ್ರಣಕ್ಕೆ ಎಂದು ನಿಮಗೆ ಮೊದಲೇ ಲಿಖಿತವಾಗಿ ತಿಳಿಸಿದ್ದೆವು.

ಗಂಡಸಿನ ದನಿಯ ಮೂಲ ಆವರ್ತನ ಮಾತಿನಲ್ಲಿ ಸುಮಾರು 85ರಿಂದ 155 ಹರ್ಟ್ಸ್. ಈ ಕೊಠಡಿಯ ಉದ್ದ, ಅಗಲ, ಎತ್ತರಗಳಿಗೆ ನಿಲ್ಲುವ ಅಲೆಗಳು (ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಗುಂಯ್‌ಗುಡುವ ಸದ್ದು) ಕ್ರಮವಾಗಿ 47, 56, 63 ಹರ್ಟ್ಸ್. ಅವುಗಳ ಇಮ್ಮಡಿ 94, 113, 125. ಈ ಮೂರೂ ಸರಿಯಾಗಿ ಹಾಡುಗಾರರ ದನಿಯೊಳಗೇ ಬೀಳುತ್ತವೆ. ಶಬ್ದದ ವೇಗವನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಲೆಕ್ಕವಿದು, ಅಳತೆ ತೆಗೆದ ದಿನವೇ ನಿಮ್ಮವರು ಹಾಕಬಹುದಿತ್ತು. ಈಗ ರೂಮ್ ಇಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಮತ್ತು ಮೆಷರ್‌ಮೆಂಟ್ ಮೈಕಿನಿಂದ ಅಳೆದರೆ, 1000 ಹರ್ಟ್ಸಿಗಿಂತ ಮೇಲೆ ದನಿ 0.15 ಸೆಕೆಂಡಿನಲ್ಲಿ ಅಡಗುತ್ತದೆ; 125 ಹರ್ಟ್ಸಿನಲ್ಲಿ 0.7 ಸೆಕೆಂಡು ಉಳಿಯುತ್ತದೆ. ಇಷ್ಟು ಚಿಕ್ಕ ಕೊಠಡಿಯಲ್ಲಿ ಎಲ್ಲ ಆವರ್ತನಗಳೂ 0.2ರಿಂದ 0.3 ಸೆಕೆಂಡಿನ ಆಸುಪಾಸಿನಲ್ಲಿರಬೇಕು. ಹೊಳಪು ಸತ್ತು ಗುಂಯ್‌ಗುಡುವಿಕೆ ಮಾತ್ರ ಉಳಿದದ್ದರಿಂದ ಹಾಡು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಏನೂ ಅಂಟಿಸದ ಬರಿಗೋಡೆಯ ಕೊಠಡಿಯೇ ಇದಕ್ಕಿಂತ ಮೇಲಿತ್ತು.

ಕೊಟೇಷನ್ನಿನಲ್ಲಿ 'ಎನ್‌ಆರ್‌ಸಿ 0.85' ಎಂದು ಬರೆದಿದ್ದೀರಿ. ಎನ್‌ಆರ್‌ಸಿ ಎಂದರೆ 250, 500, 1000, 2000 ಹರ್ಟ್ಸ್‌ಗಳಲ್ಲಿ ವಸ್ತು ಹೀರುವ ಸದ್ದಿನ ಪಾಲಿನ ಸರಾಸರಿ. 125ರ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. ಅಷ್ಟಾದರೂ ಸಿಕ್ಕಿದೆಯೇ ಎಂದರೆ ಅದೂ ಇಲ್ಲ. 50 ಮಿ.ಮೀ. ದಪ್ಪ, ಘನ ಮೀಟರಿಗೆ 32 ಕೆ.ಜಿ. ಸಾಂದ್ರತೆ ಎಂದು ಬರೆದ ಫೋಮಿನಲ್ಲಿ 50 ಮಿ.ಮೀ. ಇರುವುದು ಪಿರಮಿಡ್ಡಿನ ತುದಿಯವರೆಗೆ ಅಳೆದರೆ ಮಾತ್ರ. ತಳದ ಗಟ್ಟಿ ಭಾಗ 20 ಮಿ.ಮೀ., ಸರಾಸರಿ ದಪ್ಪ 30. ಆ ಲೆಕ್ಕದಲ್ಲಿ ಒಂದು ಚದರ ಅಡಿಯ ತುಂಡು ಸುಮಾರು 90 ಗ್ರಾಂ ತೂಗಬೇಕು; ತೂಗುತ್ತಿರುವುದು 48 ಗ್ರಾಂ. ಅಂದರೆ ಸಾಂದ್ರತೆ 17ರ ಆಸುಪಾಸು. ಯಾವ ತುಂಡನ್ನು ಬೇಕಾದರೂ ನೀವೇ ಕಿತ್ತು ತೂಗಿ ನೋಡಬಹುದು. ಬೇಸ್ ಟ್ರ್ಯಾಪ್ (ಕೆಳಗಿನ ಆವರ್ತನಗಳನ್ನು ಹೀರುವ ಸಾಧನ) ಎಂದು ಮೂಲೆಗಳ ತುದಿಗೆ ಸಿಕ್ಕಿಸಿದ ಒಂದೊಂದು ಅಡಿಯ ಫೋಮ್ ತುಂಡುಗಳೂ ಇದೇ ಮಾಲು.

ತೇವದ ವಿಚಾರ ಇದಕ್ಕಿಂತ ಗಂಭೀರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಗೋಡೆ ಒಣಗುವುದೇ ಅಪರೂಪ, ಜುಲೈ-ಆಗಸ್ಟ್‌ನ ಕೊಡವ ತಿಂಗಳು ಕಕ್ಕಡದಲ್ಲಂತೂ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಗಾಳಿಮಳೆ ಬಡಿಯುವ ಪಶ್ಚಿಮದ ಗೋಡೆಗೆ ಫೋಮನ್ನು ನೇರವಾಗಿ ರಬ್ಬರ್ ಅಂಟಿನಿಂದ ಮೆತ್ತಿದ್ದೀರಿ. ಗೋಡೆಯ ತೇವ ಹೊರಬರಲು ದಾರಿಯಿಲ್ಲದೆ ಫೋಮಿನ ಹಿಂದೆ ಕಪ್ಪು ಬೂಷ್ಟು ಬೆಳೆದಿದೆ. ತುಂಡು ಎಳೆದರೆ ಪೇಂಟು, ಪುಟ್ಟಿ ಎರಡೂ ಜೊತೆಗೇ ಬರುತ್ತಿವೆ. ಹಾಡುವವರು ಬಾಯ್ತುಂಬ ಉಸಿರೆಳೆಯುವ ಕೋಣೆ ಇದು. ಕಂಡೆನ್ಸರ್ ಮೈಕುಗಳೂ ಇಂಥ ತೇವದಲ್ಲಿ ಚಟಪಟ ಸದ್ದು ಮಾಡತೊಡಗುತ್ತವೆ.

ಬೆಂಕಿಯ ವಿಷಯಕ್ಕೆ ನಿಮ್ಮಿಂದ ಒಂದು ಕಾಗದವೂ ಬಂದಿಲ್ಲ. ಪಾಲಿಯುರೇಥೇನ್ ಫೋಮ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊಮ್ಮುತ್ತದೆ. ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ಬಿನಲ್ಲಿ 2003ರಲ್ಲಿ 100 ಜನರ ಜೀವ ತೆಗೆದ ಬೆಂಕಿ ಹಬ್ಬಿದ್ದು ಸದ್ದು ತಗ್ಗಿಸಲೆಂದು ಗೋಡೆಗೆ ಹಾಕಿದ್ದ ಇಂಥ ಫೋಮಿನಿಂದಲೇ. ಒಂದೇ ಬಾಗಿಲಿನ ಕೋಣೆಗೆ ಪ್ರಮಾಣಪತ್ರವಿಲ್ಲದ ಫೋಮ್ ಹಾಕಿದ್ದನ್ನು ನಾವು ಒಪ್ಪುವುದಿಲ್ಲ.

'ಮಳೆಯ ಸದ್ದು ಒಳಗೆ ಬರದಂತೆ ಸೌಂಡ್‌ಪ್ರೂಫ್' ಎಂದು ಬಿಲ್ಲಿನಲ್ಲಿ ಬೇರೆ ಸಾಲು ಹಾಕಿ ಹಣ ಪಡೆದಿದ್ದೀರಿ. ಫೋಮ್ ಸದ್ದು ತಡೆಯುವುದಿಲ್ಲ. ತಡೆಯಲು ತೂಕ ಬೇಕು, ಸಂದುಗಳು ಮುಚ್ಚಬೇಕು. ಶೀಟಿನ ಮೇಲೆ ಬೀಳುವ ಮಳೆಗೆ ಸೂರಿನಿಂದ ಬಿಡಿಸಿ ತೂಗುಹಾಕಿದ ಸೀಲಿಂಗ್, 12.5 ಮಿ.ಮೀ.ನ ಎರಡು ಪದರ ಜಿಪ್ಸಮ್ ಹಲಗೆ, ಅದರ ಮೇಲೆ ರಾಕ್‌ವೂಲ್ (ಕಲ್ಲನ್ನು ಕರಗಿಸಿ ತೆಗೆದ ಎಳೆಗಳ ಹಾಸು) ಬೇಕಿತ್ತು. ಬಾಗಿಲ ಕೆಳಗಿನ 10 ಮಿ.ಮೀ. ಸಂದಿಯನ್ನೂ ನೀವು ಮುಚ್ಚಿಲ್ಲ. ಆ ಕೆಲಸ ನಿಮ್ಮಿಂದ ನಮಗೆ ಬೇಡ. ಆ ಸಾಲಿನ ಹಣವನ್ನು ಹಿಂತಿರುಗಿಸಿ.

ಉಳಿದ ಕೆಲಸವನ್ನು ಹೀಗೆ ಮಾಡಿಕೊಡಬೇಕು. ಫೋಮನ್ನು ತಕ್ಷಣ ತೆಗೆದು, ಬೂಷ್ಟು ಕೆರೆದು, ಗೋಡೆ ಒಣಗಲು ಬಿಡಿ. ಮಳೆ ಹಿಂದೆ ಸರಿದ ಮೇಲೆ ಪುಟ್ಟಿ, ಪೇಂಟು ನಿಮ್ಮ ಖರ್ಚಿನಲ್ಲಿ ಆಗಲಿ. ಆಮೇಲೆ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ, 1200×600×50 ಮಿ.ಮೀ.ನ ರಾಕ್‌ವೂಲ್ ಹಲಗೆಗಳು 34 ಬೇಕು. ಎರಡೆರಡು ಜೋಡಿಸಿ 100 ಮಿ.ಮೀ. ದಪ್ಪದ ಎಂಟು ಪ್ಯಾನೆಲ್: ಎರಡು ಪಕ್ಕದ ಗೋಡೆಗಳಿಗೆ ನಾಲ್ಕು, ಹಿಂದಿನ ಗೋಡೆಗೆ ಎರಡು, ಹಾಡುಗಾರರ ತಲೆಯ ಮೇಲೆ ಸೀಲಿಂಗಿಗೆ ಎರಡು. ಮೊದಲ ಬಾರಿ ಸೀಲಿಂಗನ್ನು ನಿಮ್ಮವರು ಮುಟ್ಟಿಯೇ ಇಲ್ಲ. ಬಾಗಿಲಿರುವ ಮೂಲೆ ಬಿಟ್ಟು ಉಳಿದ ಮೂರು ಮೂಲೆಗಳಲ್ಲಿ, ಪ್ರತಿ ಮೂಲೆಗೆ ಮೂರು ಹಲಗೆ ದಪ್ಪದ ಎರಡು ಪ್ಯಾನೆಲ್ ಒಂದರ ಮೇಲೊಂದು, ಮೂಲೆಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ಟೊಳ್ಳು ಬಿಡಿ. 94ರಿಂದ 125 ಹರ್ಟ್ಸಿನ ಗುಂಯ್‌ಗುಡುವಿಕೆ ಇಳಿಯುವುದು ಮುಖ್ಯವಾಗಿ ಈ ಮೂಲೆಗಳಿಂದ.

ಗೋಡೆಯ ಪ್ಯಾನೆಲ್ ಮತ್ತು ಗೋಡೆಯ ನಡುವೆ 100 ಮಿ.ಮೀ. ಅಂತರ ಇರಲೇಬೇಕು. ಅದರಿಂದ ಕೆಳಗಿನ ಆವರ್ತನಗಳೂ ಹೆಚ್ಚು ಹೀರಲ್ಪಡುತ್ತವೆ, ಗೋಡೆಗೆ ಗಾಳಿಯೂ ಆಡುತ್ತದೆ. ಚೌಕಟ್ಟಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಇಲ್ಲಿನ ತೇವಕ್ಕೆ ಅದು ಊದಿಕೊಳ್ಳುತ್ತದೆ. ನೀರು ತಾಳುವ, ಐಎಸ್ 710 ಗುರುತಿನ ಪ್ಲೈವುಡ್ ಆಗಬಹುದು. ಇಲ್ಲವೇ ಚೆನ್ನಾಗಿ ಒಣಗಿಸಿ ಹುಳುಮದ್ದು ಬಳಿದ ಸಿಲ್ವರ್ ಓಕ್, ಅದು ಕಾಫಿ ತೋಟಗಳಿಂದ ಇಲ್ಲೇ ಸಿಗುತ್ತದೆ. ಹೊದಿಸುವ ಬಟ್ಟೆಯನ್ನು ಬಾಯಿಗೆ ಒತ್ತಿ ಊದಿದರೆ ಉಸಿರು ಸರಾಗ ದಾಟಬೇಕು. ಎಳೆ ಉದುರದಂತೆ ಒಳಗೆ ತೆಳುವಾದ ನಾನ್‌ವೋವನ್ ಬಟ್ಟೆ ಸುತ್ತಿ. ಅಂಟು ಎಲ್ಲಿಯೂ ಬೇಡ. 45 ಡಿಗ್ರಿಗೆ ಕೊಯ್ದ ರೀಪರ್ ಜೋಡಿಯಲ್ಲಿ (ಒಂದು ಗೋಡೆಗೆ, ಒಂದು ಪ್ಯಾನೆಲ್ಲಿಗೆ) ತೂಗುಹಾಕಿದರೆ ಪ್ರತಿ ಮಳೆಗಾಲದ ನಂತರ ಇಳಿಸಿ ಒಣಗಿಸಬಹುದು. ಪಕ್ಕದ ಗೋಡೆಯಲ್ಲಿ ಜಾಗ ಗುರುತಿಸುವಾಗ ಕೇಳುವವರ ಕುರ್ಚಿಯಲ್ಲಿ ಒಬ್ಬರು ಕುಳಿತು, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಪ್ಯಾನೆಲ್ ಬರಬೇಕು.

ಕೆಲಸ ಒಪ್ಪಿಕೊಳ್ಳುವ ಮೊದಲು ಅಳತೆ ಮತ್ತೆ ನಮ್ಮೆದುರಿಗೇ ಆಗಬೇಕು. 125 ಹರ್ಟ್ಸಿನಲ್ಲಿ 0.35 ಸೆಕೆಂಡಿಗಿಂತ ಹೆಚ್ಚು ಉಳಿದರೆ ನಾವು ಸಹಿ ಮಾಡುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು ಹಾಡುಗಳ ಮುದ್ರಣ ಆರಂಭವಾಗಬೇಕಿರುವುದರಿಂದ ಅಷ್ಟರೊಳಗೆ ಎಲ್ಲ ಮುಗಿಯಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಕೊಡಗು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಕೊಟೇಷನ್, ಬಿಲ್ಲು, ಅಳತೆಯ ನಕ್ಷೆಗಳು, ಫೋಮ್ ತೂಗಿದ ಮತ್ತು ಬೂಷ್ಟು ಹಿಡಿದ ಗೋಡೆಯ ಫೋಟೊಗಳನ್ನು ಲಗತ್ತಿಸಿದ್ದೇವೆ.

ಇಂತಿ,
ಕೊಠಡಿಯ ಮಾಲೀಕರು ಮತ್ತು ಧ್ವನಿಮುದ್ರಣದ ತಂಡ
ಮಡಿಕೇರಿ, ಕೊಡಗು