ಅಂಟಿಸಿದ ಹೂವಿನ ಕ್ಯಾಕ್ಟಸ್ ಮಾರ್ಬೇಡಿ

ಮಾನ್ಯ ಸಂಪಾದಕರೇ,

ಈಗ ಮಂಗಳೂರಲ್ಲಿ ಎಲ್ಲಿ ಹೋದ್ರೂ ಅಂಗೈಯಷ್ಟು ಚಟ್ಟಿಯಲ್ಲಿ ಕ್ಯಾಕ್ಟಸ್ ಮಾರಾಟಕ್ಕೆ ಇರ್ತದೆ. ಮೂರು ವರ್ಷದ ಹಿಂದೆ ನಾನೂ ಒಂದು ತಗೊಂಡೆ, ನೆತ್ತಿ ಮೇಲೆ ದೊಡ್ಡ ಹಳದಿ ಹೂ ಇತ್ತು, ತಿಂಗಳುಗಟ್ಲೆ ಬಾಡ್ಲೇ ಇಲ್ಲ, ಮಳೆ ಬಂದ ದಿನ ಮುಚ್ಕೊಳ್ತಿತ್ತು, ಬಿಸಿಲು ಬಂದ್ರೆ ಅರಳ್ತಿತ್ತು, ಹಾಗಾಗಿ ಅದಕ್ಕೆ ಜೀವ ಉಂಟು ಅಂತಲೇ ಅಂದ್ಕೊಂಡಿದ್ದೆವು. ಮತ್ತೆ ನೋಡಿದ್ರೆ ಅದು ಸ್ಟ್ರಾಫ್ಲವರ್ ಅಂತ ಬೇರೆ ಗಿಡದ ಒಣಗಿದ ಹೂ, ಗ್ಲೂ ಗನ್ನಲ್ಲಿ ಅಂಟಿಸಿದ್ದು! ಆ ಕಾಗದದಂಥ ಎಸಳು ಒಣಗಿದ ಮೇಲೂ ತೇವ ತಾಗಿದ್ರೆ ಮುಚ್ತದಂತೆ. ತೆಗೀಲಿಕ್ಕೆ ಹೋದ್ರೆ ಮುಳ್ಳು, ಸಿಪ್ಪೆ ಎಲ್ಲ ಒಟ್ಟಿಗೆ ಕಿತ್ತು ಬಂತು, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಆ ಗಾಯದಿಂದಲೇ ಗಿಡ ಕೊಳೆತು ಹೋಯ್ತು. ಮಗಳು ಎರಡು ದಿನ ಅತ್ತಳು.

ಆ ಕ್ಯಾಕ್ಟಸ್ಸಿನ ಜಾತಿ ಮ್ಯಾಮಿಲೇರಿಯಾ ಬೊಕಸಾನಾ ಅಂತ ಆಮೇಲೆ ಗೊತ್ತಾಯ್ತು. ಮೆಕ್ಸಿಕೋದ ಸಾನ್ ಲೂಯಿಸ್ ಪೊಟೊಸಿ ಕಡೆಯದ್ದು. ಮೈತುಂಬ ಹತ್ತಿಯ ಹಾಗೆ ಬಿಳಿ ಕೂದಲು, ಮುಟ್ಟಿದ್ರೆ ಮಾತ್ರ ಒಳಗೆ ಮೀನಿನ ಗಾಳದ ಹಾಗೆ ಬಗ್ಗಿದ ಮುಳ್ಳು. ಇದಕ್ಕೆ ಹೂ ಅಂಟಿಸುವ ಅಗತ್ಯ ಎಂತದ್ದು ಮಾರಾಯ್ರೇ, ಅದಕ್ಕೆ ಅದರದ್ದೇ ಹೂ ಉಂಟಲ್ಲ! ಸಣ್ಣ ಸಣ್ಣದು, ಕೆನೆ ಬಣ್ಣ ಅಥವಾ ತಿಳಿ ಗುಲಾಬಿ, ನೆತ್ತಿಯ ನಟ್ಟನಡುವಿನಲ್ಲಿ ಅಲ್ಲ, ತಲೆ ಸುತ್ತ ಮಲ್ಲಿಗೆ ಮಾಲೆ ಇಟ್ಟ ಹಾಗೆ ಸಾಲಾಗಿ ಬಿಡ್ತದೆ. ಆಮೇಲೆ ಜೀರಿಗೆ ಮೆಣಸಿನಂಥ ಕೆಂಪು ಕಾಯಿ. ಪುಟ್ಟ ಮ್ಯಾಮಿಲೇರಿಯಾದ ನಡುನೆತ್ತಿಯಲ್ಲಿ ಒಂದೇ ದಪ್ಪ ಹೂ ಕಂಡ್ರೆ ಹೂವಿನ ಬುಡ ನೋಡಿ, ಗಮ್ ಕಾಣ್ತದೆ.

ಎರಡನೇ ಗಿಡ ತಂದು ಈ ಫೆಬ್ರವರಿಯಲ್ಲಿ ಹೂ ನೋಡಿದೆ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಅಂಗಡಿಯವರು ಕೊಡುವ ತೆಂಗಿನ ನಾರಿನ ಹುಡಿ ಒಮ್ಮೆ ಒದ್ದೆಯಾದ್ರೆ ವಾರ ಕಳೆದ್ರೂ ಆರುದಿಲ್ಲ, ಬೇರು ಕೊಳೆಯದೆ ಇನ್ನೇನಾಗ್ತದೆ. ನಾನು ಅದನ್ನೆಲ್ಲ ಕೊಡವಿ ತೆಗೆದು ಒಡೆದ ಮಂಗಳೂರು ಹೆಂಚು ಕುಟ್ಟಿದ ಚೂರು, ತೊಳೆದ ಹೊಳೆ ಹೊಯ್ಗೆ (ಮರಳು), ಸ್ವಲ್ಪ ಮಾತ್ರ ಗೊಬ್ಬರ ಹಾಕಿ ಮಣ್ಣಿನ ಚಟ್ಟಿಯಲ್ಲಿ ನೆಟ್ಟೆ. ಪಣಂಬೂರು ಬೀಚಿನ ಹೊಯ್ಗೆ ತರ್ಬೇಡಿ, ಅದರಲ್ಲಿ ಉಪ್ಪು. ಪತ್ತನಾಜೆ (ಮೇ ಕೊನೆ) ಹತ್ತಿರ ಬಂದ ಕೂಡ್ಲೆ ಪೂರ್ವಕ್ಕಿರುವ ಸಿಟೌಟಿಗೆ ತಂದಿಡ್ತೇನೆ, ಬೆಳಗ್ಗಿನ ಬಿಸಿಲು ಬೇಕು, ಇರಿಚಲು ತಾಗ್ಬಾರ್ದು, ಗಾಳಿ ಆಡ್ಬೇಕು. ಮಳೆಗಾಲ ಇಡೀ ನೀರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೀಪಾವಳಿ ನಂತರ ಚಟ್ಟಿ ಎತ್ತಿ ನೋಡಿ ಹಗುರ ಆಗಿದ್ರೆ ಮಾತ್ರ ಹಾಕುದು, ಡಿಸೆಂಬರ್ ಜನವರಿಯಲ್ಲಿ ಮತ್ತೆ ಒಣಗಿಸುದು, ಆ ವಿಶ್ರಾಂತಿ ಸಿಕ್ಕಿದ್ರೇ ಮೊಗ್ಗು ಬರುದು. ಬುಡದಲ್ಲಿ ಬಂದ ಮರಿ ಮುರಿದು ಒಂದು ವಾರ ನೆರಳಲ್ಲಿಟ್ಟು ಗಾಯ ಒಣಗಿದ ಮೇಲೆ ನೆಟ್ರೆ ಹೊಸ ಗಿಡ. ನೆರೆಮನೆ ಅಕ್ಕನಿಗೆ ಹಾಗೇ ನಾಲ್ಕು ಕೊಟ್ಟಿದ್ದೇನೆ.

"ನನ್ನ ಕೈಗೆ ಗಿಡ ಆಗುದಿಲ್ಲ" ಅಂತ ಬೇಜಾರು ಮಾಡ್ಕೊಳ್ಳುವವರಿಗೆ ಇದು ಗೊತ್ತಾಗ್ಬೇಕು ಅಂತ ಬರೆದೆ. ಮಾರುವವರು ದಯವಿಟ್ಟು ಹೂ ಅಂಟಿಸುದು, ಬಣ್ಣ ಹೊಡೆಯುದು ನಿಲ್ಲಿಸಿ, ಗಿಡದ ಹೆಸರು ಮತ್ತೆ "ಮಳೆಗೆ ಇಡ್ಬೇಡಿ" ಅಂತ ಒಂದು ಚೀಟಿ ಕೊಡಿ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನದಲ್ಲಿ ಕರಾವಳಿಯ ಮಳೆಗೆ ಕ್ಯಾಕ್ಟಸ್ ಉಳಿಸುದು ಹೇಗೆ ಅಂತ ತೋರಿಸುವ ಒಂದು ಮೇಜು ಇಟ್ರೆ ನಾನು ನನ್ನ ಚಟ್ಟಿಗಳನ್ನು ತಂದು ಕೂತ್ಕೊಳ್ಳಲಿಕ್ಕೆ ರೆಡಿ.

– ಒಬ್ಬ ಓದುಗಿ, ಬಿಜೈ, ಮಂಗಳೂರು