ತಿರುಗುವ ಕೇಬಲ್ಲನ್ನು ತಿರುಗಿಸಿಯೇ ನೋಡಿ

ಮಾನ್ಯ ಸಂಪಾದಕರೇ,

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಗಾಳಾದಲ್ಲಿ, ಅಂದರೆ ವರ್ಕ್‌ಶಾಪಿನಲ್ಲಿ, ಕೆಲಸ ಮಾಡುವವಳು. ಊರು ಇಂಡಿ ಕಡೆ. ಮದುವೆಯಾಗಿ ಇಲ್ಲಿಗೆ ಬಂದು 26 ವರ್ಷವಾಯಿತು. ಅದರಲ್ಲಿ 21 ವರ್ಷ ಕೇಬಲ್ ಕೆಲಸದಲ್ಲೇ ಹೋಗಿದೆ. ಮನೆ ವೈರಿಂಗಿನ ಕೇಬಲ್ ಅಲ್ಲ. ಆಂಟೆನಾ, ರಾಡಾರ್, ಟೆಸ್ಟಿಂಗ್ ಮಷೀನುಗಳ ತಿರುಗುವ ಭಾಗಕ್ಕೆ ಸಿಗ್ನಲ್ ಒಯ್ಯುವ, ಬಳುಕುವ ಕೊಯಾಕ್ಸಿಯಲ್ ಕೇಬಲ್. ಇದನ್ನು ಕನ್ನಡ ಪೇಪರಿಗೆ ಯಾಕೆ ಬರೆಯುತ್ತಾಳೆ ಅನ್ನಿಸಬಹುದು. ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ ಬೆಂಗಳೂರಿನವರು. ಅವರ ಪರ್ಚೇಸ್ ವಿಭಾಗದಲ್ಲಿ ಯಾರಾದರೂ ಬೆಳಿಗ್ಗೆ ಕಾಫಿ ಜೊತೆ ಇದನ್ನು ಓದಲಿ ಅಂತ ಆಸೆ.

ನನ್ನ ತಕರಾರು ಒಂದೇ. ಆರ್ಡರಿನಲ್ಲಿ ಎಲ್ಲ ಬರೆದಿರುತ್ತಾರೆ. 50 ಓಮ್, ಇಷ್ಟು ಗಿಗಾಹರ್ಟ್ಸ್‌ವರೆಗೆ, ಮೀಟರಿಗೆ ಇಷ್ಟಕ್ಕಿಂತ ಜಾಸ್ತಿ ಸಿಗ್ನಲ್ ಲಾಸ್ ಇರಬಾರದು, ಕನೆಕ್ಟರ್ ಇಂಥದ್ದು. ಆ ಕೇಬಲ್ ಎಷ್ಟು ಡಿಗ್ರಿ ತಿರುಗಬೇಕು, ದಿನಕ್ಕೆ ಎಷ್ಟು ಸಲ ತಿರುಗಬೇಕು ಅನ್ನುವುದು ಮಾತ್ರ ಇರುವುದಿಲ್ಲ. ನಾವೂ ಕೇಬಲ್ಲನ್ನು ಮೇಜಿನ ಮೇಲೆ ನೆಟ್ಟಗೆ ಮಲಗಿಸಿ, ಸಿಗ್ನಲ್ ಎಷ್ಟು ದಾಟುತ್ತದೆ ಅಂತ ಅಳೆಯುವ ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿ, ಗ್ರಾಫ್ ತೆಗೆದು, ಪಾಸ್ ಅಂತ ಚೀಟಿ ಅಂಟಿಸಿ ಕಳಿಸುತ್ತೇವೆ. ನಮ್ಮ ಕಡೆ ಜಾತ್ರೆಯಲ್ಲಿ ಮಲಗಿದ ಎತ್ತನ್ನು ನೋಡಿ ಯಾರೂ ದುಡ್ಡು ಎಣಿಸುವುದಿಲ್ಲ. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ, ಅಲ್ವಾ?

ಕೇಬಲ್ಲಿನ ನಡುವೆ ಬೆಳ್ಳಿ ಲೇಪದ ತಾಮ್ರ. ಅದರ ಸುತ್ತ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ಹಂಚಿಗೆ ಬಳಿಯುವ ಅದೇ ಟೆಫ್ಲಾನ್. ಅದರ ಮೇಲೆ ಕೂದಲಿನಂಥ ತಂತಿಗಳ ಜಾಲರಿ, ಹೊರಗೆ ಜಾಕೆಟ್. ಜಾಲರಿ ಹೆಣೆಯುವುದನ್ನು ನೋಡುವುದೇ ಚೆಂದ. ನಮ್ಮ ಮಷೀನಿನಲ್ಲಿ 16 ಬಾಬಿನ್. ಎಂಟು ಎಡಕ್ಕೆ, ಎಂಟು ಬಲಕ್ಕೆ, ಒಂದರ ಒಳಗಿಂದ ಒಂದು ನುಸುಳುತ್ತಾ ಸುತ್ತುತ್ತವೆ. ಜಡೆ ಕೋಲಾಟ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಒಂದು ಬಾಬಿನ್ನಿನ ಬಿಗಿ ಕಡಿಮೆಯಾದರೆ ಒಂದು ಎಳೆ ಎದ್ದು ನಿಲ್ಲುತ್ತದೆ. ಕಣ್ಣಿಗೆ ಕಾಣುವ ಮೊದಲು ಉಗುರಿಗೆ ಸಿಗುತ್ತದೆ.

ಇಷ್ಟು ಜೋಪಾನ ಯಾಕೆಂದರೆ, 10 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಒಳಗೆ ಇಳಿಯುವುದೇ ಇಲ್ಲ. ಬಹುಪಾಲು ಮೇಲಿನ 0.66 ಮೈಕ್ರಾನ್ ಪದರದಲ್ಲೇ ಓಡುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೂ ಆಗಲಿಲ್ಲ. ತಂತಿಗೆ ತಂತಿ ಉಜ್ಜಿ ಆ ಪದರ ಸವೆದರೆ ಮುಗಿಯಿತು.

ಎರಡು ವರ್ಷದ ಹಿಂದೆ ಹಾಗೇ ಆಯಿತು. ಗಿರಾಕಿ ಯಾರು ಅನ್ನುವುದು ಬೇಡ. ಅವರ ಆಂಟೆನಾ 10 ಸೆಕೆಂಡಿಗೊಮ್ಮೆ ಅತ್ತ ಹೋಗಿ ಇತ್ತ ಬರುತ್ತಿತ್ತು. ದಿನಕ್ಕೆ ಎಂಟು ಗಂಟೆ ಅಂದರೆ 2,880 ಸಲ. ನೂರು ದಿನಕ್ಕೆ 2,88,000. ನಾಲ್ಕು ತಿಂಗಳಿಗೆ ಕೇಬಲ್ ವಾಪಸ್ ಬಂತು, ಜೊತೆಗೆ ಬೈಗುಳದ ಮೇಲ್. ಮೇಜಿನ ಮೇಲಿಟ್ಟು ನೋಡಿದರೆ ಗ್ರಾಫ್ ಹೊಸದರ ಹಾಗೇ ಇದೆ! ಶೇಠ್ ಖುಷಿಯಾಗಿ ಉತ್ತರ ಬರೆಯಲು ಕೂತರು. ನಾನು ಸುಮ್ನೆ ಕನೆಕ್ಟರ್ ಹತ್ತಿರ ಹಿಡಿದು ಸ್ವಲ್ಪ ತಿರುಚಿದೆ. ಗೆರೆ ಧೊಪ್ಪನೆ ಕೆಳಗೆ ಬಿತ್ತು. ಬಿಟ್ಟರೆ ಮತ್ತೆ ಮೇಲೆ.

ಜಾಕೆಟ್ ಸೀಳಿದೆ. ಕನೆಕ್ಟರಿನ ಹಿಂದೆ ಒಂದು ಬೆರಳು ದೂರದಲ್ಲಿ ಜಾಲರಿಯ ಎಳೆಗಳು ತುಂಡಾಗಿದ್ದವು. ಸುತ್ತ ಕಪ್ಪು ಪುಡಿ. ಅರ್ಧ ತಪ್ಪು ನಮ್ಮದು. ಬೆಸುಗೆ ಹಾಕುವಾಗ ಕಾವು ಜಾಸ್ತಿಯಾಗಿ, ಬೆಸುಗೆ ಎಳೆಗಳ ಸಂದಿಯಲ್ಲಿ ಮೇಲಕ್ಕೆ ಏರಿತ್ತು. ಏರಿದಷ್ಟು ದೂರ ಜಾಲರಿ ಕಡ್ಡಿಯಾಗುತ್ತದೆ. ಕಡ್ಡಿ ಮುಗಿದು ಬಳುಕು ಶುರುವಾಗುವ ಜಾಗದಲ್ಲೇ ಮುರಿಯುತ್ತದೆ. ಆ ಬೆಸುಗೆ ನನ್ನ ಕೈಯದೇ. ಇನ್ನರ್ಧ ಅವರದು. ಫೋಟೊ ತರಿಸಿ ನೋಡಿದೆ. ಕೇಬಲ್ಲಿಗೆ ಸಡಿಲು ಬಿಡದೆ ಬಿಗಿಯಾಗಿ ಎಳೆದು, ನಾಲ್ಕು ಬೆರಳು ಅಂತರದಲ್ಲಿ ಎರಡು ಕ್ಲಾಂಪ್ ಹಾಕಿದ್ದರು. ತಿರುಚೆಲ್ಲ ಆ ನಾಲ್ಕು ಬೆರಳಿನ ಮೇಲೇ. ಒಂದು ಮೀಟರ್ ಉದ್ದಕ್ಕೆ ಹಂಚಿದ್ದರೆ, ಇಲ್ಲವೇ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ್ದರೆ ಬಾಳುತ್ತಿತ್ತು.

ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆಯಲ್ಲ, 45 ಮೀಟರ್ ಅಗಲದ 30 ತಟ್ಟೆಗಳು, ಅಲ್ಲಿ ಒಂದೊಂದು ತಟ್ಟೆಯೂ ಸುಮಾರು ಒಂದೂವರೆ ಸುತ್ತು ತಿರುಗಬಹುದು, ಅಷ್ಟೇ. ಆಮೇಲೆ ವಾಪಸ್ ಬರಬೇಕು. ಅಂಥ ಕಡೆ ಕೇಬಲ್ ನಡೆಯುತ್ತದೆ. ಮುಂಬೈ ಕೊಲಾಬಾದ ಹವಾಮಾನ ರಾಡಾರಿನ ಹಾಗೆ ಒಂದೇ ಕಡೆಗೆ ಸುತ್ತುತ್ತಲೇ ಇರುವುದಾದರೆ ಸುತ್ತುತ್ತಲೇ ಸಿಗ್ನಲ್ ದಾಟಿಸುವ ರೋಟರಿ ಜಾಯಿಂಟ್ ಬೇಕು, ಇಲ್ಲದಿದ್ದರೆ ಕೇಬಲ್ ಹುರಿಯಾಗಿ ಕಿತ್ತುಹೋಗುತ್ತದೆ. ಯಾವ ಕೆಲಸಕ್ಕೆ ಅಂತ ಮೊದಲೇ ಹೇಳಿದರೆ ನಾವೇ ಹೇಳುತ್ತೇವೆ, ಇದಕ್ಕೆ ನಮ್ಮ ಕೇಬಲ್ ಬೇಡ ಅಂತ.

ಹಾಗೆ ನೋಡಿದರೆ ಮೇಜಿನ ಮೇಲಿನ ಲೆಕ್ಕವನ್ನೂ ಪೂರ್ತಿ ನಂಬುವ ಹಾಗಿಲ್ಲ. 19 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಟಿಎಫ್‌ಇ ಒಳಗಿನ ಅಣುಗಳ ಜೋಡಣೆಯೇ ಬದಲಾಗುತ್ತದೆ. ಪುಣೆಯ ಜನವರಿ ಬೆಳಿಗ್ಗೆ ತೆಗೆದ ಫೇಸ್ (ಸಿಗ್ನಲ್ ಅಲೆ ಎಷ್ಟು ಹಿಂದೆ ಮುಂದೆ ಇದೆ ಅನ್ನುವ) ರೀಡಿಂಗಿಗೂ ಮಧ್ಯಾಹ್ನದ್ದಕ್ಕೂ ಅದಕ್ಕೇ ತಾಳೆಯಾಗುವುದಿಲ್ಲ. ಮೊದಲೆರಡು ಚಳಿಗಾಲ ನನ್ನ ಕೈಯದೇ ದೋಷ ಅಂದುಕೊಂಡು ಕನೆಕ್ಟರ್ ಬಿಚ್ಚಿ ಬಿಚ್ಚಿ ಹಾಕಿದ್ದೆ.

ವಾಪಸ್ ಬಂದ ಆ ಕೇಬಲ್ ಆದ ಮೇಲೆ ಹಳೇ ಸಾಮಾನಿನ ಜುನಾ ಬಜಾರಿನಿಂದ ಹಳೇ ಲಾರಿಯ ವೈಪರ್ ಮೋಟರ್ ತಂದೆವು. ಲಿಂಕ್ ಸಮೇತ 1,400 ರೂಪಾಯಿ. ನಿಮಿಷಕ್ಕೆ 40 ಸಲ ಕೇಬಲ್ಲನ್ನು ಅತ್ತಿತ್ತ ತಿರುಚುತ್ತದೆ. 2,88,000 ಸಲ ಆಗಲು ಹಗಲು ರಾತ್ರಿ ಸೇರಿ ಐದು ದಿನ. ನಡುನಡುವೆ, ತಿರುಗುತ್ತಿರುವಾಗಲೇ, ಅನಲೈಸರ್ ಹಾಕಿ ನೋಡುತ್ತೇನೆ. ಈ ಐದು ದಿನವನ್ನು ಯಾವ ಗಿರಾಕಿಯೂ ಕೇಳುವುದಿಲ್ಲ, ಅದಕ್ಕೆ ದುಡ್ಡೂ ಕೊಡುವುದಿಲ್ಲ. ಐದು ದಿನ ತಡ ಯಾಕೆ ಅಂತ ಮಾತ್ರ ಕೇಳುತ್ತಾರೆ. ಆರ್ಡರಿನಲ್ಲಿ ಒಂದೇ ಸಾಲು ಸೇರಿಸಿ: ಇಷ್ಟು ಡಿಗ್ರಿ, ಇಷ್ಟು ಸಲ, ತಿರುಗಿಸುತ್ತಲೇ ಅಳೆದು ಕೊಡಬೇಕು. ಬೆಲೆ ಸ್ವಲ್ಪ ಏರುತ್ತದೆ, ನಿಜ.

ಇಂದು ಗುರುವಾರ. ಇಲ್ಲಿ ವಾರದ ರಜೆ, ಲೈನಿನಲ್ಲಿ ಕರೆಂಟೂ ಇಲ್ಲ, ಅದಕ್ಕೇ ಬರೆಯಲು ಪುರುಸೊತ್ತು ಸಿಕ್ಕಿತು. ಮೋಟರಿಗೆ ಕಟ್ಟಿದ ಕೇಬಲ್ ನಿನ್ನೆ ಸಂಜೆಗೆ 1,90,000 ದಾಟಿ ನಿಂತಿದೆ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಮತ್ತೆ ಶುರು.

— ಕೇಬಲ್ ಕೆಲಸದವಳು, ಭೋಸರಿ, ಪುಣೆ